ಕೈಗೆ ಕೂರದ ಕ್ಯಾಮೆರಾ

ತುಂಗಭದ್ರೆಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿನ ಹಿರಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಶಿಷ್ಯ ಮರುಳಯ್ಯನಿಗೆ ಫೋಟೋ ತೆಗೆಯುವ ಹುಚ್ಚು. ದೀಕ್ಷೆಯ ದಿನ ಅಜ್ಜಾರೇ ಅವನಿಗೊಂದು ಕ್ಯಾಮೆರಾ ಕೊಟ್ಟಿದ್ದರು.

ಮಠದ ಕೆಳಗಿನ ಬಂಡೆಗಳನ್ನು ಒಡೆದು ಜಲ್ಲಿ ಮಾಡಲು ಯಾರೋ ಅಪ್ಪಣೆ ಕೇಳಿದ್ದರು. ಆ ಬಂಡೆಗಳ ಸಂದಿಯಲ್ಲಿ ನೀರುನಾಯಿ ಮರಿ ಹಾಕಿತ್ತು. ಮರಿಗಳ ಒಂದು ಫೋಟೋ ತೋರಿಸಿದರೂ ಕೆಲಸ ನಿಲ್ಲಿಸಬಹುದು ಎಂದು ಅರಣ್ಯ ಇಲಾಖೆಯ ಅಧಿಕಾರಿ ಹೇಳಿ ಹೋಗಿದ್ದರು.

ಮರುಳಯ್ಯ ದಿನವೂ ಬೆಳಗಿನ ಪೂಜೆ ಮುಗಿಸಿ ಅಲ್ಲಿ ಹೋಗಿ ಕೂರುತ್ತಿದ್ದ. ಮರಿಗಳು ತಲೆ ಎತ್ತುತ್ತಿದ್ದವು. ಅವನದು ಗಿಡ್ಡ ಬೆರಳು, ಕ್ಯಾಮೆರಾ ದಪ್ಪ. ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಬರೀ ನೀರು ಉಳಿಯುತ್ತಿತ್ತು. ಸಾಲದ್ದಕ್ಕೆ, ಆಯುಧಪೂಜೆಯಲ್ಲಿ ಕ್ಯಾಮೆರಾದ ಹಿಡಿಗೆ ಕಟ್ಟಿದ ದಾರವನ್ನು ಅವನು ಭಕ್ತಿಯಿಂದ ಹಾಗೇ ಉಳಿಸಿಕೊಂಡಿದ್ದ. ಅದೂ ಬೆರಳಿಗೆ ತೊಡರುತ್ತಿತ್ತು.

ಆಗ ಮಠಕ್ಕೆ ಪ್ರಹ್ಲಾದರಾಯರೆಂಬ ಭಕ್ತರು ಬಂದರು. ಎತ್ತರದ ಆಳು, ಅಗಲ ಅಂಗೈ. ಅವರಲ್ಲಿದ್ದದ್ದು ಬೇರೆ ಕಂಪನಿಯ ಚಿಕ್ಕ ಕ್ಯಾಮೆರಾ. ಸುಮ್ಮನೆ ನೋಡೋಣವೆಂದು ಮರುಳಯ್ಯ ಅದನ್ನು ಹಿಡಿದ. ಹೆಬ್ಬೆರಳು ತಾನಾಗಿಯೇ ತನ್ನ ಜಾಗ ಕಂಡುಕೊಂಡಿತು. ಚಿತ್ರ ಎರಡರದ್ದೂ ಒಂದೇ. ಆದರೆ ಇದು ಕೈಯಲ್ಲಿದೆ ಅನ್ನುವುದೇ ಮರೆತುಹೋಗುತ್ತಿತ್ತು.

ರಾಯರು ನಕ್ಕು, ತಮ್ಮ ಕೈಗೆ ಅದು ಮಕ್ಕಳ ಆಟಿಕೆಯಂತಾಗಿದೆ, ಲೆನ್ಸುಗಳ ಸಮೇತ ಅದಲುಬದಲು ಮಾಡಿಕೊಳ್ಳೋಣ ಎಂದರು. ಮರುಳಯ್ಯ ಬೇಡವೆಂದ. ರಾಯರು ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು.

ಮನಸ್ಸು ತಡೆಯದೆ ಅವನು ಅಜ್ಜಾರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದ.

"ಅದನ್ನು ಹಿಡಿದ ಮೇಲೆ ಇದು ಕೈಗೆ ಕೂರ್ತಾನೇ ಇಲ್ಲ ಅಜ್ಜಾರೇ. ನನ್ನದು ಬರೀ ಆಸೆಯೋ ಏನೋ."

"ನೀರುನಾಯಿ ಸಿಕ್ಕಿತೇನು?"

"ಇಲ್ಲ."

ಅಜ್ಜಾರು ಎದ್ದು ಅವನನ್ನು ದಂಡೆಗೆ ಕರೆದುಕೊಂಡು ಹೋದರು. ದನ ಕಾಯುವ ಕೆಂಚಪ್ಪ ಎಮ್ಮೆಗಳನ್ನು ನೀರಿಗೆ ಬಿಟ್ಟು, ಉದ್ದನೆಯ ಬೆತ್ತಕ್ಕೆ ಗದ್ದ ಊರಿ ನಿಂತಿದ್ದ.

"ಆ ಬೆತ್ತ ಯಾರದು ಕೆಂಚಾ?"

"ನೀವೇ ಕೊಟ್ಟಿದ್ದಲ್ಲರಾ, ನಿಮ್ಮ ಗುರುಗಳದು. ನಮ್ಮ ಎಮ್ಮೆಗಳೂ ಇದಕ್ಕೆ ನಡ್ಕೊಳ್ತಾವೆ."

ಗುರುಗಳ ಬೆತ್ತವನ್ನು ದನ ಕಾಯಲು ಕೊಟ್ಟರೇ ಎಂದು ಮರುಳಯ್ಯ ಮೆಲ್ಲಗೆ ಕೇಳಿದ.

"ನನಗೆ ಉದ್ದವಾಯಿತು," ಎಂದರು ಅಜ್ಜಾರು. "ಹಿಡಿದು ನಡೆದರೆ ಬೆತ್ತವೇ ಕಾಣ್ತಿತ್ತು, ದಾರಿ ಕಾಣ್ತಿರಲಿಲ್ಲ."

ಮರುಳಯ್ಯ ಕ್ಯಾಮೆರಾವನ್ನು ಎದೆಗವಚಿಕೊಂಡ.

"ಆದರೂ ಇದು ನಿಮ್ಮ ಕೈಯಿಂದ ಬಂದ ಪ್ರಸಾದ. ಬೇರೆಯವರಿಗೆ ಹೇಗೆ ಕೊಡಲಿ?"

ಮೇಲೆ ರಾಯರು ಚೀಲ ಹೆಗಲಿಗೇರಿಸಿ ಮಠದ ಮೆಟ್ಟಿಲು ಇಳಿಯುತ್ತಿದ್ದರು. ಅಜ್ಜಾರು ಅತ್ತ ನೋಡಿ, ಇತ್ತ ಶಿಷ್ಯನ ಮುಖ ನೋಡಿದರು.

"ಪ್ರಸಾದ ಅಂತ ಗೊತ್ತಿದ್ದೂ, ಒಬ್ಬನೇ ಇಟ್ಟುಕೊಂಡು ಕೂತಿದ್ದೀಯಲ್ಲೋ."