ಮುಳುಗಲು ಬಾರದ ಕೊಕ್ಕರೆ

ನಾನು ಹುಡುಗನಾಗಿದ್ದಾಗ ನಮ್ಮ ಕೆರೆಯ ಪ್ರಾಣಿಗಳೆಲ್ಲ ನನ್ನ ಜೊತೆ ಮಾತಾಡುತ್ತಿದ್ದವು. ಸುಳ್ಳೆನ್ನಲು ಅಂದಿನವರು ಯಾರೂ ಉಳಿದಿಲ್ಲ, ಬಿಡಿ.

ಅಲ್ಲಿ ಆಮೆಯೊಂದು ದೋಣಿ ನಡೆಸುತ್ತಿತ್ತು. ಕೆಲಸ ಕೇಳಿ ಬಂದವರೆಲ್ಲ ಮೊದಲು ನೀರಲ್ಲಿ ಮುಳುಗಿ ತೋರಿಸಬೇಕು. ಅದು ಆಮೆಯ ಪದ್ಧತಿ. ಕಪ್ಪೆ ಮುಳುಗಿತು, ನೀರುಕಾಗೆ ಮುಳುಗಿತು. ಕೊಕ್ಕರೆಗೆ ಆಗಲಿಲ್ಲ.

"ಧಣಿ, ಕೆಲಸವಿಲ್ಲದವರಿಗೆ ಈ ಕೆರೆಯಲ್ಲಿ ಜಾಗವಿಲ್ಲವಂತೆ. ನನ್ನ ಮರಿಗಳು ಇನ್ನೂ ಹಾರಲಾರವು," ಎಂದಿತು ಕೊಕ್ಕರೆ.

"ಮುಳುಗಲು ಬಾರದವನಿಗೆ ನೀರಲ್ಲೇನು ಕೆಲಸವಯ್ಯಾ? ನಾಳೆಯೇ ಗೂಡು ಖಾಲಿ ಮಾಡು."

ಮಧ್ಯಾಹ್ನ ಕೆರೆಯ ಮೇಲೆ ಮಂಜಿನಂಥ ಜೊಂಪು ಇಳಿಯಿತು. ಆಮೆ, ಕಪ್ಪೆ, ನೀರುಕಾಗೆ, ನಾನು, ಎಲ್ಲರೂ ದೋಣಿಯಲ್ಲೇ ನಿದ್ದೆ ಹೋದೆವು. ಹಗ್ಗ ಕಳಚಿ ದೋಣಿ ಮೆಲ್ಲಗೆ ಕೋಡಿಯ ನೀರು ಧುಮುಕುವ ಕಡೆಗೆ ತೇಲಿತು. ಕೊಕ್ಕರೆ ಹಗ್ಗವನ್ನು ಕೊಕ್ಕಿನಲ್ಲಿ ಕಚ್ಚಿ, ನೀರಲ್ಲಿ ಕಂಬದಂತೆ ನಿಂತುಬಿಟ್ಟಿತು.

ಸಂಜೆ ಆಮೆ ಕಣ್ಣುಬಿಟ್ಟು ನೋಡಿತು. "ನಿಲ್ಲಲು ಬರುತ್ತದೆಂದು ಮೊದಲೇ ಹೇಳಬಾರದಿತ್ತೇ?"

"ನೀವು ಅದನ್ನು ಕೇಳಲೇ ಇಲ್ಲವಲ್ಲ, ಧಣಿ."

ಕೊಕ್ಕರೆಯ ಗೂಡು ಅಲ್ಲೇ ಉಳಿಯಿತು.

"ದೊಡ್ಡಪ್ಪಾ," ಎಂದಳು ಕಥೆ ಕೇಳುತ್ತಿದ್ದ ನನ್ನ ತಮ್ಮನ ಮಗಳು ತಿಪ್ಪವ್ವ, "ನೀನೂ ನಿದ್ದೆ ಹೋಗಿದ್ದರೆ ಇದನ್ನೆಲ್ಲ ನೋಡಿದ್ದು ಯಾರು?"

ನಾನು ಹೆಗಲು ಕುಣಿಸಿದೆ. "ಒಂದು ಕಣ್ಣು ತೆರೆದಿತ್ತು ಅಂತ ಇಟ್ಟುಕೋ."