ಕಡಲ ಕೊಳದ ಮೂರು ಒಗಟು

“ಕೇಳಿರಿ, ಕಡಲಕೋಟೆಯ ಜನರೇ! ಅರಮನೆಯ ಹೆಂಚಿನ ಮಾಡು ಇಳಿಸಿ ಹೊಸದಾಗಿ ಕಟ್ಟಿಸಲಾಗುತ್ತದೆ. ಕೆಲಸ ಮುಗಿಯುವ ತನಕ ಒಳಾಂಗಣದ ಉಪ್ಪುನೀರಿನ ಕೊಳದ ಮೀನುಗಳನ್ನು ಲಾಯದ ಬಳಿಯ ಕಲ್ಲುತೊಟ್ಟಿಗೆ ಸಾಗಿಸಬೇಕು. ರಾಜಕುಮಾರಿ ಪದ್ಮಲೆಯವರ ಮೂರು ಒಗಟು ಬಿಡಿಸಿದವನಿಗೆ ಆ ಕೆಲಸ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನಿಗೆ ಅಮಾವಾಸ್ಯೆಯಂದು ಶಿರಚ್ಛೇದ!”

ಡಂಗುರದವನು ಉಪ್ಪಿನ ಆಗರದ ದಂಡೆಯಲ್ಲಿ ನಿಂತು ಇಷ್ಟು ಸಾರಿ ಹೋದ. ಉಪ್ಪು ಎಳೆಯುತ್ತಿದ್ದ ಬೊಮ್ಮನ ಕೈ ನಿಂತಿತು.

ಅದೇ ಅಮಾವಾಸ್ಯೆಗೆ ಅವನ ಅಣ್ಣ ಬೀರನ ತಲೆಯೂ ಹೋಗುವುದಿತ್ತು. ಬೀರ ಆ ಕೊಳ ನೋಡಿಕೊಳ್ಳುತ್ತಿದ್ದವನು. ತೀರಿಹೋದ ರಾಣಿ ತವರಿನ ದ್ವೀಪದಿಂದ ತಂದು ಸಾಕಿದ ಮೀನುಗಳವು. ಹೋದ ತಿಂಗಳು ಅವನ್ನು ಸಾಗಿಸಲು ಹೊರಟಾಗ, ಮೊದಲ ಕೊಡದ ಮೀನುಗಳೆಲ್ಲ ತೊಟ್ಟಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಹೊಟ್ಟೆ ಮೇಲಾಗಿ ತೇಲಿದವು. ಹೊನ್ನರಸ ರಾಜ ಬೀರನನ್ನು ಸೆರೆಗೆ ತಳ್ಳಿಸಿದ.

ಗಂಜಿ ಕೊಡಲು ಹೋದಾಗ ಬೀರ ಹೇಳಿದ್ದು ಇಷ್ಟೇ: “ಒಡೆಯರಿಗೆ ಅವಸರವಿತ್ತು ತಮ್ಮಾ. ಇದನ್ನು ಯಾರ ಹತ್ತಿರವೂ ಆಡಬೇಡ. ನಿನ್ನ ತಲೆಯಾದರೂ ಉಳಿಯಲಿ.”

ಬೊಮ್ಮ ಅರಮನೆಗೆ ಬಂದಾಗ ಒಗಟು ಬಿಡಿಸಲು ಅಲ್ಲಿ ಇಬ್ಬರು ಆಗಲೇ ನಿಂತಿದ್ದರು. ದಳವಾಯಿಯ ಅಳಿಯ ಕೇತರಸ ಅವನ ಕಾಲಿನ ಕೆಸರು ನೋಡಿ ನಕ್ಕ. “ಉಪ್ಪು ಮಾರೋಕೆ ಬಂದೆಯೇನೋ? ಇವತ್ತು ಇಲ್ಲಿ ತಲೆ ವ್ಯಾಪಾರ ಕಣೋ.”

ಪದ್ಮಲೆ ಕೊಳದ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದ ಪೀಠದಲ್ಲಿ ಹೊನ್ನರಸ. ಅವಳ ಮುಖದಲ್ಲಿ ನಿದ್ದೆಗೆಟ್ಟ ಕಳೆ. “ಮನೆ ಬದಲಿಸುವಾಗ ಎಲ್ಲರೂ ಉಜ್ಜಿ ತೊಳೆದು ಬಿಡುವ ವಸ್ತುವೊಂದಿದೆ. ಇಲ್ಲಿಯ ಒಕ್ಕಲಿಗೆ ಅದಿಲ್ಲದೆ ಹೊಸ ಮನೆಯಲ್ಲಿ ಬದುಕಿಲ್ಲ. ಏನದು?”

“ಧೂಳು,” ಅಂದ ಕೇತರಸ. ಭಟರು ಅವನ ತೋಳು ಹಿಡಿದರು. “ಅಯ್ಯೋ, ತಮಾಷೆಗೆ ಅಂದೆ!” ಎಂದು ಅವನು ಕೂಗುತ್ತಲೇ ಹೋದ.

ಎರಡನೆಯವನು ವೈದ್ಯರ ಮಗ ಮಾಧವ. “ಕಲ್ಲಿನ ಪಾಚಿ. ನೀರಿನ ಹೊಲಸನ್ನು ತಿನ್ನುವುದು ಅದೇ,” ಅಂದ. ಬೊಮ್ಮನೂ ಅದನ್ನೇ ಹೇಳಿದ. ಒಮ್ಮೆ ಕೊಳದ ಕಲ್ಲೊಂದನ್ನು ಫಳಫಳ ಉಜ್ಜಿಟ್ಟು ಅಣ್ಣನಿಂದ ಬೈಸಿಕೊಂಡಿದ್ದನ್ನು ಅವನು ಮರೆತಿರಲಿಲ್ಲ.

ಪದ್ಮಲೆ ತಲೆದೂಗಿ ಎರಡನೆಯದನ್ನು ಕೇಳಿದಳು. “ಬಿಸಿಲು ದಿನವೂ ಈ ಕೊಳದ ನೀರು ಕುಡಿಯುತ್ತದೆ. ಅದು ಕುಡಿದದ್ದನ್ನು ನಾನು ಯಾವ ನೀರಿನಿಂದ ತುಂಬಲಿ?”

“ಕಡಲ ನೀರಿನಿಂದ, ತಾಯಿ. ಬೇರೆ ಯಾವುದರಿಂದ?” ಅಂದ ಮಾಧವ.

ಪದ್ಮಲೆ ಕಣ್ಣು ಮುಚ್ಚಿದಳು. ಭಟರು ಬಂದರು. ಮಾಧವ ಕೂಗಾಡದೆ ಅವರ ಜೊತೆ ನಡೆದ.

“ಸಿಹಿನೀರು, ಅಮ್ಮಾ,” ಅಂದ ಬೊಮ್ಮ. “ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಉಪ್ಪನ್ನು ಇಲ್ಲೇ ಬಿಡುತ್ತದೆ. ನಮ್ಮ ಆಗರ ನಡೆಯುವುದೇ ಹಾಗೆ. ಮತ್ತೆ ಮತ್ತೆ ಕಡಲ ನೀರನ್ನೇ ಸುರಿದರೆ ಇದೂ ಆಗರವಾಗುತ್ತದೆ.”

ಹೊನ್ನರಸ ಮೀಸೆಯಲ್ಲೇ ನಕ್ಕ. “ಪರವಾಗಿಲ್ಲವೇ! ಕೇಳು ಮಗಳೇ, ಮೂರನೆಯದು.”

ಪದ್ಮಲೆ ತಂದೆಯ ಕಡೆ ನೋಡದೆ ಕೇಳಿದಳು. “ಕೈಕಟ್ಟಿ ಮಾಡುವ ಕೆಲಸವೊಂದಿದೆ. ಆಳಿಗೆ ಅದು ಬರುತ್ತದೆ, ಆಳುವವರಿಗೆ ಕಷ್ಟ. ಅದನ್ನು ಬಿಟ್ಟರೆ ಜೀವ ಹೋಗುತ್ತದೆ. ಆ ಕೆಲಸ ಯಾವುದು? ಹೋದ ಸಲ ಅದನ್ನು ಬಿಟ್ಟವರು ಯಾರು?”

ಬೊಮ್ಮನಿಗೆ ಉತ್ತರ ಗೊತ್ತಿತ್ತು. ಹೇಳದಿದ್ದರೆ ಸಾವು, ಹೇಳಿದರೂ ಸಾವೇ ಇರಬಹುದು. ಅರ್ಧವನ್ನಷ್ಟೇ ಹೇಳಿ ಪಾರಾಗಬಹುದೇ ಎಂದು ಅವಳ ಮುಖ ನೋಡಿದ. ಅವಳು ಕಣ್ಣು ಕದಲಿಸದೆ ಅವನ ಬಾಯನ್ನೇ ನೋಡುತ್ತಿದ್ದಳು. ತಾನು ಆಡಲಾರದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಲು ಇವಳು ಕೂತಿದ್ದಾಳೆ ಎಂದು ಅವನಿಗೆ ಆಗ ಹೊಳೆಯಿತು.

“ಕಾಯುವುದು, ಅಮ್ಮಾ,” ಅಂದ. “ತೊಟ್ಟಿಗೆ ದಿನವಿಡೀ ಬಿಸಿಲು, ನೀರು ಬಿಸಿ. ಕೊಳಕ್ಕೆ ನಡುಹಗಲಷ್ಟೇ ಬಿಸಿಲು, ನೀರು ತಂಪು. ಮೀನಿನ ಕೊಡವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಬೊಗಸೆ ಬೊಗಸೆಯಾಗಿ ಹೊಸ ನೀರು ಬೆರೆಸುತ್ತಾ, ಎರಡೂ ಒಂದೇ ಹದಕ್ಕೆ ಬರುವ ತನಕ ಕಾಯಬೇಕು. ಅಣ್ಣ ಕಾಯುತ್ತಿದ್ದ. ‘ಸುರಿ’ ಅಂದವರು…” ಅವನು ತಲೆ ತಗ್ಗಿಸಿದ. “ಅರಸರು.”

“ಇವನು ಸುಳ್ಳು ಹೇಳುತ್ತಿದ್ದಾನೆ!” ಹೊನ್ನರಸ ಎದ್ದು ನಿಂತ.

“ನಾನು ಮೇಲುಪ್ಪರಿಗೆಯಲ್ಲಿದ್ದೆ, ಅಪ್ಪಾಜಿ. ನೆಂಟರು ಕಾಯುತ್ತಿದ್ದಾರೆ, ಬೇಗ ಸುರಿ ಅಂದಿರಿ. ಬೀರ ನಿಮ್ಮ ಕಾಲು ಹಿಡಿದಿದ್ದ.”

ಅರಸ ಮಗಳನ್ನು ನೋಡಿದ, ಕೊಳದಲ್ಲಿ ಉಳಿದ ಮೀನುಗಳನ್ನು ನೋಡಿದ. ಎದ್ದಿದ್ದವನು ಮತ್ತೆ ಕೂತು ಕೇಳಿದ: “ಏನು ವರ ಬೇಕೋ ನಿನಗೆ?”

“ಸೆರೆಮನೆಯ ಬಾಗಿಲು ತೆಗೆಸಿ, ಒಡೆಯಾ. ಬರೀ ಅಣ್ಣನಿಗೆ ಅಂತಲ್ಲ. ಒಳಗಿರುವ ಎಲ್ಲರಿಗೂ.”

ಬಾಗಿಲು ತೆರೆಯಿತು. ಕೇತರಸ ಹಿಂದೆ ತಿರುಗಿ ನೋಡದೆ ಓಡಿದ. ಮಾಧವ ಬೊಮ್ಮನಿಗೆ ಕೈಮುಗಿದು ಹೋದ. ಕೊಳದ ಕೆಲಸ ಅಣ್ಣತಮ್ಮಂದಿರ ಪಾಲಿಗೆ ಬಂತು. ಬಡಗಿಗಳು ಮಾಡು ಇಳಿಸಲು ಕಾದು ನಿಂತಿದ್ದಂತೆಯೇ ಬೀರ ಪಾಚಿಗಲ್ಲುಗಳನ್ನು ತೊಳೆಯದೆ ತೊಟ್ಟಿಗೆ ಇಳಿಸಿದ, ಮೀನಿನ ಕೊಡವನ್ನು ನೀರ ಮೇಲೆ ತೇಲಿಬಿಟ್ಟ.

ಹೊನ್ನರಸ ಹತ್ತಿರ ಬಂದು ಬಗ್ಗಿ ನೋಡಿದ. “ಈಗ ಸುರಿಯಬಹುದೇನೋ?”

ಬೀರ ತಲೆಯೆತ್ತಲಿಲ್ಲ. “ಇನ್ನೂ ಇಲ್ಲ, ಒಡೆಯಾ.”

ಅರಸ ಪಂಚೆ ಎತ್ತಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ, ಬಿಸಿಲಲ್ಲೇ, ಕೈಕಟ್ಟಿ ಕೂತ.