ಅಕ್ಕಿಕಾಳು ಎಣಿಸಿದ ನಿಂಗರಾಜ

ಬ್ಯಾಡಗಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನಿಂಗರಾಜನ ಸ್ಟುಡಿಯೋ ಇತ್ತು. ಮೊದಲೆಲ್ಲ ಅವನು ಮದುವೆಗಳ ವಿಡಿಯೋ ತೆಗೆದು ಡಿವಿಡಿ ಮಾಡಿಕೊಡುತ್ತಿದ್ದ. ಈಗ ಡಿವಿಡಿ ಹಾಕಿ ನೋಡುವ ಪೆಟ್ಟಿಗೆ ಯಾರ ಮನೆಯಲ್ಲೂ ನಡೆಯುತ್ತಿಲ್ಲ. ಇದ್ದರೂ ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಕೂತಿರುತ್ತದೆ. ಹಾಗಾಗಿ ಜನ ಹಳೆಯ ಡಿವಿಡಿ ಹಿಡಿದುಕೊಂಡು ಬಂದು, "ಇದನ್ನ ಫೋನಿಗೆ ಹಾಕಿ ಕೊಡ್ರಿ" ಎನ್ನುತ್ತಿದ್ದರು. ನಿಂಗರಾಜ ಹಾಕಿ ಕೊಡುತ್ತಿದ್ದ.

ಫೋನಿಗೆ ಹಾಕಬೇಕಾದರೆ ವಿಡಿಯೋವನ್ನು ಕುಗ್ಗಿಸಬೇಕು. ನಾಲ್ಕು ಜಿಬಿ ಇದ್ದದ್ದು ಅರ್ಧ ಜಿಬಿಗೆ ಇಳಿಯಬೇಕು. ಅದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ. ನಿಂಗರಾಜನ ಕಂಪ್ಯೂಟರಿನಲ್ಲಿ ಅಂಥವು ಮೂರಿದ್ದವು. ಅವುಗಳ ಇಂಗ್ಲಿಷ್ ಹೆಸರಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಪರದೆಯ ಮೇಲಿನ ಅವುಗಳ ಪುಟ್ಟ ಚಿತ್ರದ ಬಣ್ಣ ನೋಡಿ ಕೆಂಪು, ನೀಲಿ, ಹಳದಿ ಎಂದು ಕರೆಯುತ್ತಿದ್ದ.

ಮೂರರಲ್ಲಿ ಯಾವುದು ಒಳ್ಳೆಯದು? ಇದನ್ನು ತಿಳಿಯಲು ಅವನೇ ಒಂದು ಪರೀಕ್ಷೆ ಕಟ್ಟಿಕೊಂಡಿದ್ದ. ನಮ್ಮ ಕಡೆ ಮದುವೆ ಎಂದರೆ ಅಕ್ಕಿಕಾಳು ಬೀಳುವ ಗಳಿಗೆ. ಮಂಗಳಾಷ್ಟಕ ಮುಗಿಯುತ್ತಿದ್ದಂತೆ ಇಡೀ ಮಂಟಪ ಎದ್ದು ನಿಂತು ವಧು ವರರ ಮೇಲೆ ಅರಿಶಿನದ ಅಕ್ಕಿ ಎರಚುತ್ತದೆ. ಸಾವಿರಾರು ಕಾಳು ಒಟ್ಟಿಗೆ ಗಾಳಿಯಲ್ಲಿ ಹಾರುತ್ತವೆ. ಕಳಪೆ ಸಾಫ್ಟ್‌ವೇರ್ ಇಲ್ಲಿ ಎಡವುತ್ತದೆ. ಕಾಳುಗಳೆಲ್ಲ ಕಲಸಿ ಗಂಜಿಯಾಗುತ್ತವೆ. ಆದ್ದರಿಂದ ನಿಂಗರಾಜ ಬೇರೆ ಏನನ್ನೂ ನೋಡುತ್ತಿರಲಿಲ್ಲ. ಆ ದೃಶ್ಯ ನಿಲ್ಲಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಕಾಳು ನೋಡುತ್ತಿದ್ದ.

ನೀಲಿಯಲ್ಲಿ ಕಾಳು ಗಂಜಿಯಾದವು. ಹಳದಿ ಒಂದು ಮದುವೆಗೆ ಎರಡು ತಾಸು ತೆಗೆದುಕೊಂಡಿತು, ಆದರೂ ಕಾಳು ಸ್ವಲ್ಪ ಮಂಜಾಗಿಯೇ ಕಂಡವು. ಕೆಂಪು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿತು, ಕಾಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಿಂಗರಾಜ ಕೆಂಪಿಗೆ ನೂರಕ್ಕೆ ನೂರು ಕೊಟ್ಟ. ಅಂದಿನಿಂದ ಊರಿನ ಎಲ್ಲ ಮದುವೆಗಳೂ ಕೆಂಪಿನಲ್ಲೇ ಕುಗ್ಗಿದವು. ಯಾರೂ ದೂರಲಿಲ್ಲ. ದೂರು ಬರದಿದ್ದರೆ ಕೆಲಸ ಚೆನ್ನಾಗಿದೆ ಎಂದು ನಂಬುವವನು ನಿಂಗರಾಜನೊಬ್ಬನೇ ಅಲ್ಲ ಬಿಡಿ.

ಒಂದು ದಿನ ದ್ರಾಕ್ಷಾಯಣಿ ಎಂಬಾಕೆ ತನ್ನ ಮದುವೆಯ ಡಿವಿಡಿ ತಂದಳು. ಹದಿನೆಂಟು ವರ್ಷದ ಹಿಂದೆ ಆ ಮದುವೆಗೆ ಕ್ಯಾಮೆರಾ ಹಿಡಿದವನು ನಿಂಗರಾಜನೇ. ಡಿವಿಡಿಯ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು.

"ಹುಷಾರಾಗಿ ಮಾಡ್ರಿ ಅಣ್ಣಾರ, ಇದೊಂದಽ ಐತಿ" ಎಂದಳು.

"ನೀ ಚಿಂತಿ ಬಿಡವಾ ತಂಗಿ" ಎಂದ ನಿಂಗರಾಜ.

ಕಂಪ್ಯೂಟರು ಎರಡು ಸಲ ತಡವರಿಸಿ ಮೂರನೆಯ ಸಲ ಡಿವಿಡಿಯನ್ನು ಓದಿಕೊಂಡಿತು. ಕೆಂಪು ಹತ್ತು ನಿಮಿಷದಲ್ಲಿ ಕುಗ್ಗಿಸಿತು. ನಿಂಗರಾಜ ಕಾಳು ನೋಡಿದ, ತೃಪ್ತಿಯಾಯಿತು. ಜಾಗ ಉಳಿಯಲೆಂದು ಕಂಪ್ಯೂಟರಿನಲ್ಲಿದ್ದ ದೊಡ್ಡ ಪ್ರತಿಯನ್ನು ಅಳಿಸಿಬಿಟ್ಟ. ದ್ರಾಕ್ಷಾಯಣಿ ಫೋನನ್ನೂ ಡಿವಿಡಿಯನ್ನೂ ತೆಗೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಮೊದಲೇ ಆಕೆ ಮೆಟ್ಟಿಲ ಮೇಲೆ ಕೂತಿದ್ದಳು.

"ಇದರಾಗ ನಮ್ಮವ್ವ ಇಲ್ಲರೀ" ಎಂದಳು.

ನಿಂಗರಾಜ ನಕ್ಕ. "ಮದುವಿ ಪೂರಾ ಐತಿ. ನಿಮ್ಮವ್ವ ಒಬ್ಬಾಕಿ ಎಲ್ಲಿ ಹೋಗ್ತಾಳ?"

ದ್ರಾಕ್ಷಾಯಣಿ ನಗಲಿಲ್ಲ. ಫೋನಿನಲ್ಲಿ ಅಕ್ಕಿಕಾಳಿನ ದೃಶ್ಯ ತೆಗೆದು ಬೆರಳಿಟ್ಟು ತೋರಿಸಿದಳು. ಮಂಟಪದಾಚೆ, ಅಡುಗೆ ಮನೆಯ ಬಾಗಿಲಲ್ಲಿ, ಕಂದು ಬಣ್ಣದ ಒಂದು ಕಲೆ ಇತ್ತು. ಅದಕ್ಕೆ ಮುಖವಿರಲಿಲ್ಲ.

ಆಕೆಯ ಅವ್ವ ಫಕೀರವ್ವ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಗಂಡ ಸತ್ತವಳು ಮಂಟಪ ಹತ್ತಬಾರದು, ಅಕ್ಕಿಕಾಳು ಹಾಕಬಾರದು ಎನ್ನುವುದು ಆಗಿನ ರೂಢಿ. ಆ ರೂಢಿ ಈಗ ಹೋಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಮಗಳನ್ನು ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದುಕೊಟ್ಟರು. ಫಕೀರವ್ವ ಅಡುಗೆ ಮನೆಯ ಬಾಗಿಲ ಮಬ್ಬಿನಲ್ಲಿ ನಿಂತಲ್ಲಿಂದ ಕದಲದೆ ನೋಡಿದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಉಳಿದದ್ದು ರೇಷನ್ ಕಾರ್ಡಿನ ಒಂದೇ ಫೋಟೋ. ಅದರಲ್ಲಿ ಅವಳು ಯಾರೋ ಗದರಿಸಿದಂತೆ ಕೂತಿದ್ದಾಳೆ. ಅವಳು ಮಗಳನ್ನು ನೋಡಿದ ಮುಖ ಇದ್ದದ್ದು ಈ ಡಿವಿಡಿಯಲ್ಲಿ ಮಾತ್ರ, ಎಂಟು ಸೆಕೆಂಡು.

"ಅದು ಕತ್ತಲ ಜಾಗ, ತಂಗಿ. ಹಂಗಽ ಬರ್ತೈತಿ" ಎಂದ ನಿಂಗರಾಜ. "ಈ ಕಡೆ ಕಾಳು ನೋಡು. ಒಂದೊಂದೂ ಎಣಸಬಹುದು."

"ಕಾಳು ತಗೊಂಡು ನಾ ಏನ್ ಮಾಡ್ಲಿ, ಅಣ್ಣಾರ?" ಎಂದಳು ದ್ರಾಕ್ಷಾಯಣಿ.

ನಿಂಗರಾಜ ಫೋನನ್ನು ತೆಗೆದುಕೊಂಡು ಮತ್ತೆ ನೋಡಿದ. ನಿನ್ನೆ ಇದೇ ದೃಶ್ಯವನ್ನು ನಿಲ್ಲಿಸಿ, ಬಗ್ಗಿ ನೋಡಿದ್ದ. ಕಾಳು ಕಂಡಿದ್ದವು, ಕಲೆ ಕಂಡಿರಲಿಲ್ಲ. ಕೆಂಪಿನ ಗುಟ್ಟು ಈಗ ಅವನಿಗೆ ತಿಳಿಯಿತು. ಅದು ಆ ಅರ್ಧ ಜಿಬಿ ಜಾಗವನ್ನೆಲ್ಲ ಬೆಳಕಿನಲ್ಲಿ ಕುಣಿಯುವುದಕ್ಕೆ ಕೊಡುತ್ತಿತ್ತು. ಮಬ್ಬಿನಲ್ಲಿ ಸುಮ್ಮನೆ ನಿಂತದ್ದನ್ನು ಯಾರು ನೋಡುತ್ತಾರೆ ಎಂದು ಒರೆಸಿ ಹಾಕುತ್ತಿತ್ತು.

"ಡಿವಿಡಿ ಐತಲ್ಲ, ಕೊಡು. ಇನ್ನೊಮ್ಮೆ ಮಾಡೋಣು" ಎಂದ.

ಡಿವಿಡಿ ಹಾಕಿದ. ಓದಲಿಲ್ಲ. ತೆಗೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕಿದ. ಕರಕರ ಸದ್ದು ಬಂದು ನಿಂತುಹೋಯಿತು. ದೊಡ್ಡ ಪ್ರತಿಯನ್ನು ಒಂದು ದಿನ ಇಟ್ಟುಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡ. ದ್ರಾಕ್ಷಾಯಣಿ ಮೇಜಿನ ಅಂಚು ಹಿಡಿದು ನಿಂತಿದ್ದಳು. ಆಕೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಐದನೆಯ ಸಲಕ್ಕೆ ಡಿವಿಡಿ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಓದಿ ಮುಗಿಯಿತು. ಈ ಸಲ ಅವನು ಒಂದಲ್ಲ, ಎರಡು ಕಡೆ ಪ್ರತಿ ಇಟ್ಟ. ಆಮೇಲೆ ಇನ್ನೊಂದು ಕುರ್ಚಿ ಎಳೆದು, "ಕೂಡು ತಂಗಿ. ಯಾವುದು ಚಲೋ ಅನ್ನೋದು ಈ ಸಲ ನೀನಽ ಹೇಳು" ಎಂದ.

ಮೊದಲು ನೀಲಿ ಓಡಿತು. ದ್ರಾಕ್ಷಾಯಣಿ ಬಾಗಿಲನ್ನಷ್ಟೇ ನೋಡಿ ತಲೆಯಾಡಿಸಿದಳು. ಇಲ್ಲ. ಹಳದಿಯನ್ನು ಓಡಿಸಿದರು. ಎರಡು ತಾಸು ಕಾದರು. ನಿಂಗರಾಜ ಮನೆಯಿಂದ ರೊಟ್ಟಿ ತರಿಸಿದ. ಆಕೆ ಒಂದು ತುತ್ತೂ ಮುಟ್ಟಲಿಲ್ಲ.

ಹಳದಿಯಲ್ಲಿ ಕಾಳು ಮಂಜಾಗಿದ್ದವು. ಮಂಟಪದ ಝಗಮಗವೂ ಸ್ವಲ್ಪ ಇಳಿದಿತ್ತು. ಆದರೆ ಬಾಗಿಲಲ್ಲಿ ಫಕೀರವ್ವ ಇದ್ದಳು. ತಲೆಯ ಮೇಲೆ ಸೆರಗು, ಬಿಗಿಹಿಡಿದ ತುಟಿ, ಮಗಳ ಮೇಲೆ ನೆಟ್ಟ ಕಣ್ಣು, ಎಲ್ಲ ಕಾಣುತ್ತಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಎಲ್ಲರೂ ಕಾಳು ಎರಚುವಾಗ ಆ ಮುಷ್ಟಿ ಎದೆಯ ತನಕ ಏರಿ, ಅಲ್ಲೇ ನಿಂತಿತು.

"ಇದು" ಎಂದಳು ದ್ರಾಕ್ಷಾಯಣಿ. "ಇದಽ ಚಲೋ ಐತಿ."

ಅಷ್ಟರಲ್ಲಿ ಎಂಟು ಸೆಕೆಂಡು ಮುಗಿದು, ಕ್ಯಾಮೆರಾ ಸರ್ರನೆ ಮಂಟಪಕ್ಕೆ ತಿರುಗಿತು. ಆಕೆ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಇನ್ನೊಮ್ಮೆ ನೋಡಿದಳು. ಪ್ರತಿ ಸಲವೂ ಕ್ಯಾಮೆರಾ ತಿರುಗುವಾಗ, ತಡೆಯುವವಳಂತೆ ಕೈ ಮುಂದೆ ಚಾಚುತ್ತಿದ್ದಳು.

"ಕೈಯಾಗ ಕಾಳು ಹಿಡಕೊಂಡಾಳ್ರೀ. ಆಮ್ಯಾಲೆ ಹಾಕಿದಳೋ, ಅಲ್ಲೇ ಚೆಲ್ಲಿದಳೋ" ಎಂದಳು. "ಬದುಕಿದ್ದಾಗ ಕೇಳಲಿಲ್ಲ ನಾನು. ಇನ್ನೆರಡು ಕ್ಷಣ ಕ್ಯಾಮೆರಾ ಅಲ್ಲೇ ಹಿಡೀಬೇಕಿತ್ತಲ್ರೀ, ಅಣ್ಣಾರ."

ನಿಂಗರಾಜ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬಾಗಿಲಾಗ ಅವರು ಕಂಡರು. ಶುಭಕಾರ್ಯದ ವಿಡಿಯೋದಾಗ ಅವರು ಬ್ಯಾಡ ಅಂತ ನಾನಽ ತಿರುಗಿಸಿದೆ, ತಂಗಿ."

ದ್ರಾಕ್ಷಾಯಣಿ ಆ ಎಂಟು ಸೆಕೆಂಡನ್ನು ಇನ್ನೊಮ್ಮೆ ಓಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಆವತ್ತು ನಿಮ್ಮ ಕಣ್ಣಿಗಾದರೂ ಬಿದ್ದಿತ್ತೇನ್ರೀ, ಆ ಕೈ ಏನು ಮಾಡ್ತು ಅಂತ?"

ನಿಂಗರಾಜ ನೆನಪಿಸಿಕೊಳ್ಳಲು ನೋಡಿದ. ಆ ಮಂಟಪ ನೆನಪಿತ್ತು. ದೀಪದ ಸರ, ಓಲಗ, ಹಾರುವ ಕಾಳು ಎಲ್ಲ ನೆನಪಿತ್ತು. ಆ ಕೈ ಮಾತ್ರ ನೆನಪಿರಲಿಲ್ಲ. ಅವನು ನೋಡಿರಲೇ ಇಲ್ಲ.

ನೀತಿ: ಯಾವುದೇ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವ ಮೊದಲು, ಅದರಲ್ಲಿ ಯಾರು ಏನನ್ನು ಹುಡುಕುತ್ತಾರೆ ಎಂದು ಕೇಳಿಕೊಳ್ಳಿ. ಹೊಳೆಯುವುದನ್ನಷ್ಟೇ ನೋಡಿ ಅಂಕ ಕೊಟ್ಟರೆ ಮಬ್ಬಿನಲ್ಲಿ ನಿಂತವರು ಅಳಿಸಿಹೋಗುತ್ತಾರೆ. ಕುಗ್ಗಿದ ಚಿತ್ರವನ್ನು ಇನ್ನೊಮ್ಮೆ ಸರಿಪಡಿಸಬಹುದು. ನಾವು ಮುಖ ತಿರುಗಿಸಿ ನೋಡದೆ ಬಿಟ್ಟದ್ದನ್ನು ಯಾವ ಯಂತ್ರವೂ ಮರಳಿ ಕೊಡಲಾರದು.